ರೊಟ್ಟಿ ಬಡಿದ ಕೈಗೆ ಡೀಸೆಲ್ ವಾಸನೆ

ಇವತ್ತು ಬೆಳಿಗ್ಗೆ ಅಂಗಳದಲ್ಲಿ ನನ್ನ ಹಳೆಯ ಕಾರಿನ ಡೀಸೆಲ್ ಫಿಲ್ಟರ್ ನಾನೇ ಬದಲಿಸಿದೆ. ಕೈ ಎಷ್ಟು ತೊಳೆದರೂ ವಾಸನೆ ಹೋಗಲೊಲ್ಲದು. ಕೈ ಮೂಗಿನ ಹತ್ತಿರ ಬಂದಾಗಲೆಲ್ಲ ಮಗ್ಗುಲ ಮನೆಯ ಕಾಕು ನೆನಪಾಗುತ್ತಾರೆ...

ನಾನಾಗ ಕಾಲೇಜಿನಲ್ಲಿದ್ದೆ. ಕಾಕುನ ಸೊಸೆ ತಿಕೋಟಾದ ತವರಿನಲ್ಲಿ ಹೆತ್ತಿದ್ದಳು. ಮೊದಲ ಮೊಮ್ಮಗಳು. ಕೂಸಿಗೆಂದು ತಾವೇ ಹೊಲಿದ ಕುಂಚಿಗೆಯನ್ನು ಕಾಕು ಹತ್ತು ಸಲ ಬಿಚ್ಚಿ ತೋರಿಸಿ, ಹತ್ತು ಸಲ ಮಡಚಿಟ್ಟಿದ್ದರು. ಕೂಸು ನೋಡಲು ನನ್ನನ್ನೂ ಜೊತೆಗೆ ಕರೆದಿದ್ದರು. ಸರಿಯಾಗಿ ಹೊರಡುವ ಹೊತ್ತಿಗೆ ಕಾರು ಕೆಮ್ಮಿ ನಿಂತಿತು. ಅವರ ಯಜಮಾನರು, ನಮ್ಮ ಕಾಕಾ, ಬಜಾರಿನಿಂದ ಹೊಸ ಫಿಲ್ಟರ್ ತಂದು ಮನೆ ಮುಂದೆಯೇ ಕೂಡಿಸಿದರು. ಒಳಗೆ ಹೊಕ್ಕ ಗಾಳಿ ಹೊರಗೆ ಹೋಗಬೇಕೆಂದರೆ ಅದರ ಮೇಲಿನ ಪುಟ್ಟ ಪಂಪನ್ನು ಗಟ್ಟಿಯಾಗುವ ತನಕ ಒತ್ತುತ್ತಲೇ ಇರಬೇಕು. ಒತ್ತಿ ಒತ್ತಿ ಕಾಕಾನ ಹೆಬ್ಬೆರಳು ಸೋತಿತು, ಸಿಟ್ಟು ಮಾತ್ರ ಏರಿತು.

"ನಾಳೆ ಹೋಗೂಣಂತ ಬಿಡು," ಅಂದರು.

ಕಾಕುಗೆ ಎಲ್ಲಿಯ ನಾಳೆ! ಹೊಸ ಸೀರೆಯ ಸೆರಗು ಸಿಗಿಸಿಯೇಬಿಟ್ಟರು. "ಸರೀರಿ ಅತ್ಲಾಗ. ದಿನಾ ರೊಟ್ಟಿ ಬಡಿಯೂ ಕೈ ಇದು."

ಅಂಗೈಯಿಂದ ಒತ್ತತೊಡಗಿದರು, ಅಡುಗೆ ಮನೆಯಲ್ಲಿ ಕೂತಷ್ಟೇ ಸಲೀಸಾಗಿ. ಕಾಕಾ ಚಾವಿ ತಿರುಗಿಸಿದರು, ಗಾಡಿ ಚಾಲೂ ಆಯಿತು. ತಿಕೋಟಾ ಬರುವವರೆಗೂ ಕಾಕಾ ಫಿಲ್ಟರ್ ಮಾರಿದ ಅಂಗಡಿಯವನನ್ನೇ ಬೈಯುತ್ತಿದ್ದರು.

ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಿದ್ದವು. ಕಾಕುನ ಕಣ್ಣು ಮಾತ್ರ ಡೀಸೆಲ್ ನಾರುವ ತಮ್ಮ ಕೈ ಮೇಲಿತ್ತು. ಊರು ಮುಟ್ಟಿದ್ದೇ ಬೀಗರ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಕಡಲೆ ಹಿಟ್ಟು ಹಚ್ಚಿ ತೊಳೆದರು. ಎಳೆಗೂಸನ್ನು ಈ ಕೈಯಿಂದ ಹೇಗೆ ಎತ್ತಿಕೊಳ್ಳುವುದು ಎಂಬುದೊಂದೇ ಚಿಂತೆ. ಅಷ್ಟು ಜೋರಿನ ಹೆಂಗಸು, ಅಳುವ ಹಾಗಾಗಿದ್ದರು.

"ಮೂಸಿ ನೋಡವಾ, ಹೋತೇನು?"

ಮೂಸಿದೆ. ಎಲ್ಲಿ ಹೋಗುತ್ತದೆ!

"ಹೋತ್ರಿ ಕಾಕು. ಬರೇ ಕಡ್ಲಿಹಿಟ್ಟಿನ ವಾಸನಿ ಐತ್ರಿ."

ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಓಡಿಹೋಗಿ ಕೂಸನ್ನು ಎತ್ತಿಕೊಂಡರು. ಆ ಕೂಸು ಅವರ ಬೆರಳು ಹಿಡಿದುಕೊಂಡು ಹಾಯಾಗಿ ನಿದ್ದೆ ಹೋಯಿತು...

ಕಾಕು ತೀರಿಕೊಂಡು ವರ್ಷವಾಗುತ್ತ ಬಂತು. ಇವತ್ತು ಪಂಪು ಒತ್ತಿ ನನ್ನ ಅಂಗೈ ಕೆಂಪಾಯಿತು. ರೊಟ್ಟಿ ಬಡಿಯುವುದನ್ನು ಅವರು ಬಹಳ ಕಲಿಸಿದರು, ನನ್ನ ಕೈಗೆ ಹತ್ತಲಿಲ್ಲ. ಕಡಲೆ ಹಿಟ್ಟು ಹಚ್ಚಿ ಮತ್ತೊಮ್ಮೆ ಕೈ ತೊಳೆದು, ರೂಢಿಯಂತೆ ಎರಡೂ ಮನೆಗಳ ನಡುವಿನ ಗೋಡೆಯ ಹತ್ತಿರ ಹೋಗಿ ನಿಂತೆ. ನನ್ನ ಕೈ ಮೂಸಿ, "ಹೋತು" ಅಂತ ಸುಳ್ಳು ಹೇಳುವವರು ಆ ಕಡೆ ಯಾರೂ ಇರಲಿಲ್ಲ.