ಗೆದ್ದಲು ತಿಂದಿರಲಿಲ್ಲ

ಶರಣಪ್ಪ ಕಾಕಾ, ನಿಮ್ಮ ಆ ಉರ್ದು ಪುಸ್ತಕಗಳನ್ನು ಗೆದ್ದಲು ತಿಂದಿರಲಿಲ್ಲ. ನಾನು ರದ್ದಿಗೆ ಹಾಕಿದೆ. ಗಟ್ಟಿಮುಟ್ಟಾಗಿದ್ದವು, ಬೈಂಡು ಕೂಡ ಸಡಿಲಾಗಿರಲಿಲ್ಲ — ಅವನ್ನು ಗೋಣಿಚೀಲಕ್ಕೆ ತುಂಬಿಸಿ, ಚೀಲದ ಬಾಯಿ ಹೊಲಿಸಿ, ಹುಮನಾಬಾದಿನ ಒಂದು ರದ್ದಿ ಅಂಗಡಿಗೆ ಸಾಗಿಸಿದೆ. ಬಸವಕಲ್ಯಾಣದಲ್ಲೇ ಮಾರಿದರೆ ಯಾರಾದರೂ ಗ್ರಂಥಾಲಯದ ಮುದ್ರೆ ನೋಡಿ ಕೇಳಿಯಾರು ಎಂಬ ಭಯಕ್ಕೆ ಅಷ್ಟು ದೂರ. ಅಂದರೆ ತಪ್ಪು ಮಾಡುತ್ತಿದ್ದೇನೆಂದು ಆಗಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಯಿತು ಎಂದು ಹೇಳಲು ಬರುವುದಿಲ್ಲ.

ಆ ಗ್ರಂಥಾಲಯದ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಅದು ಬೇಕಾಗಿಯೂ ಇಲ್ಲ. ನಾನು ಮಾಣಿಕನಗರದಿಂದ ದಿನಾ ಬಸ್ಸಿಗೆ ಬಸವಕಲ್ಯಾಣಕ್ಕೆ ಬಂದು ಬೀಗ ತೆಗೆಯುವ ಗ್ರಂಥಪಾಲಕಿ. ಯಾವ ಪುಸ್ತಕ ತರಿಸಬೇಕು, ಯಾವುದನ್ನು ಕಪಾಟಿನಿಂದ ಇಳಿಸಬೇಕು ಎಂಬುದರಲ್ಲಿ ನನ್ನ ಮಾತೇ ನಡೆಯುತ್ತಿತ್ತು. ಸಮಿತಿ ಅಂತ ಒಂದಿತ್ತು, ಅದು ಚಹಾ ಕುಡಿದು ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತಿತ್ತು. ಉರ್ದು ಪುಸ್ತಕಗಳು ಬಡಗಣ ಗೋಡೆಗೆ ಒರಗಿ ನಿಂತಿದ್ದವು, ನಿಜಾಮರ ಕಾಲದ ಯಾವುದೋ ವಾಚನಾಲಯದಿಂದ ಬಂದವು. ನನಗೆ ಆ ಲಿಪಿ ಬರುವುದಿಲ್ಲ. ನನಗೆ ಬಾರದ್ದು ಯಾರಿಗೂ ಬೇಡವಾದದ್ದು ಎಂದುಕೊಳ್ಳುವ ಕೆಟ್ಟ ಬುದ್ಧಿ ನನಗೆ ಮೊದಲಿನಿಂದಲೂ ಇದೆ.

ಅವನ್ನು ಓದುತ್ತಿದ್ದವರು ನೀವೊಬ್ಬರೇ. ನೆನಪಿದೆಯೇ, ಮೊದಲ ಸಲ ನಾನು ನಕ್ಕಿದ್ದು? ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್, ಮೈಗೆಲ್ಲ ಆಡಿನ ವಾಸನೆ — ಗೋರ್ಟಾ ಕಡೆಯಿಂದ ಸಂತೆಗೆ ಬಂದ ಮುದುಕ ಸೀದಾ ಉರ್ದು ಕಪಾಟಿಗೆ ಹೋಗಿ ನಿಂತಾಗ, ದಾರಿ ತಪ್ಪಿ ಬಂದವರಿರಬೇಕು ಎಂದುಕೊಂಡೆ.

“ನಿಮಗ ಇದು ಓದಾಕ ಬರ್ತದೇನ್ರಿ ಕಾಕಾ?”

“ನಾ ಹುಡುಗ ಇದ್ದಾಗ ಸಾಲ್ಯಾಗ ಇದನ್ನೇ ಕಲಿಸಿದ್ರು ಅಕ್ಕೋರೇ. ಕನ್ನಡ ನನಗ ಬಾಯಾಗ ಐತಿ, ಕಣ್ಣಾಗ ಇಲ್ಲ” ಎಂದಿರಿ.

ಅಕ್ಷರ ಬಾರದ ನಿಮ್ಮ ಹೆಂಡತಿ ಕಾಶಮ್ಮ ಕಾಕುಗೆ ನೀವು ಮನೆಯಲ್ಲಿ ಆ ಪುಸ್ತಕಗಳನ್ನು ಓದಿ ಹೇಳುತ್ತಿದ್ದಿರಿ. ಕಣ್ಣು ಉರ್ದುವಿನ ಮೇಲೆ, ಬಾಯಲ್ಲಿ ನಮ್ಮ ಕನ್ನಡ. ಆಗ ನಡೆದಿದ್ದದ್ದು ನಾಲ್ಕು ಭಾಗದ ಒಂದು ಹಳೆಯ ಕಾದಂಬರಿ — ಮನೆ ಬಿಟ್ಟು ಹೋದ ಗಂಡನನ್ನು ಹುಡುಕುತ್ತ ಊರೂರು ಅಲೆಯುವ ಹೆಂಗಸಿನ ಕಥೆ. ಆ ಗಂಡನನ್ನು ಕಾಕು ರೊಟ್ಟಿ ಬಡಿಯುತ್ತ ಬೈಯುತ್ತಾರೆಂದೂ, ಒಮ್ಮೆ ಸಿಟ್ಟಿನಲ್ಲಿ ರೊಟ್ಟಿ ಸೀಯಿಸಿದರೆಂದೂ ನೀವು ಹೇಳಿದಾಗ ನಾನು ಹೊಟ್ಟೆ ತುಂಬ ನಕ್ಕೆ. ಮೂರನೇ ಭಾಗ ಒಯ್ದಿರಿ. ಆಮೇಲೆ ಹುಮನಾಬಾದಿನಲ್ಲಿ ಕಣ್ಣಿನ ಆಪರೇಶನ್ ಎಂದು ಹೇಳಿ ಹೋದಿರಿ. ಆಪರೇಶನ್ ಯಾಕೆಂದು ಕೇಳಿದರೆ, ನಾಲ್ಕನೇ ಭಾಗದ ಅಕ್ಷರ ಸಣ್ಣವಿದ್ದಾವೆ ಎಂದು ನಗೆಯಾಡಿದಿರಿ.

ನೀವು ಬಾರದ ಆ ದಿನಗಳಲ್ಲೇ ನಾನು ಕೈ ಹಾಕಿದ್ದು.

ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರಿಗೆಂದು ಮೇಜು ಕುರ್ಚಿ ಮಂಜೂರಾಗಿ ಬಂದು ವರಾಂಡದಲ್ಲಿ ಬಿದ್ದಿದ್ದವು. ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಜಾಗ ಮಾತ್ರ ಇರಲಿಲ್ಲ. ಸಮಿತಿಯ ಅಧ್ಯಕ್ಷರು ಬಡಗಣ ಗೋಡೆ ತೋರಿಸಿ, “ಆ ಮೂಲಿ ಖಾಲಿ ಆಗ್ಬೇಕ್ ನೋಡ್ರಿ ಮೇಡಂ. ಹ್ಯಾಂಗ್ ಮಾಡ್ತೀರೋ ನಿಮಗ ಬಿಟ್ಟದ್ದು” ಎಂದು ಹೋದರು. ನಮ್ಮಲ್ಲಿ ಇದಕ್ಕೊಂದು ಕ್ರಮವಿತ್ತು. ಓದುವವರಿಲ್ಲ ಎಂದು ಪುಸ್ತಕ ತೆಗೆಯಬೇಕಾದರೆ ಮೊದಲು ಫಲಕದಲ್ಲಿ ಸೂಚನೆ ಹಾಕಬೇಕು. ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕಾಯಬೇಕು. ಒಬ್ಬ ಓದುಗ ಬೇಕು ಎಂದರೂ ಪುಸ್ತಕ ಉಳಿಯುತ್ತದೆ. ಹುಳ ತಿಂದದ್ದಾದರೆ ಹಾಗಲ್ಲ — ಗ್ರಂಥಪಾಲಕಿ ನೋಡಿ ರುಜು ಹಾಕಿದರೆ ಅವತ್ತೇ ಹೊರಗೆ.

ಒಬ್ಬ ಓದುಗ ಇದ್ದಾರೆಂದು ನನಗೆ ಗೊತ್ತಿತ್ತು. ಅದಕ್ಕೇ — ಹೌದು, ಅದಕ್ಕೇ — ಗೆದ್ದಲು ಎಂದು ಬರೆದೆ.

ಆ ಮೇಜುಗಳ ಮುಂದೆ ಕೂತು ಓದಿದ ಎಷ್ಟೋ ಮಕ್ಕಳಿಗೆ ನೌಕರಿ ಸಿಕ್ಕಿದೆ, ಕಾಕಾ. ಈ ಮಾತು ಬರೆಯಬಾರದೆಂದು ಗಟ್ಟಿ ಮಾಡಿಕೊಂಡೇ ಕೂತಿದ್ದೆ, ಬರೆದುಬಿಟ್ಟೆ. ಸಮರ್ಥನೆ ಎನ್ನುವುದು ಎಲ್ಲಿಂದಲಾದರೂ ನುಸುಳುತ್ತದೆ. ಮೇಜಿಗೆ ಬೇರೆ ಜಾಗ ಹುಡುಕಬಹುದಿತ್ತು. ನನ್ನ ಕುರ್ಚಿಯ ಹಿಂದಿನ ಕೋಣೆಯಲ್ಲಿ ಮುರಿದ ಫ್ಯಾನು, ಹಳೆಯ ಬ್ಯಾನರು ತುಂಬಿದ್ದವು. ಅದನ್ನು ಖಾಲಿ ಮಾಡಿಸುವ ರಗಳೆ ನನಗೆ ಬೇಡವಾಗಿತ್ತು, ಅಷ್ಟೇ.

ಉದ್ಘಾಟನೆ ಮುಗಿದ ಮೇಲೆ ನೀವು ಬಂದಿರಿ. ಕಪ್ಪು ಕನ್ನಡಕ, ಕಂಕುಳಲ್ಲಿ ಮೂರನೇ ಭಾಗ. “ಈಗ ಭಾಳ ಚೊಲೋ ಕಾಣ್ತದ್ರಿ ಅಕ್ಕೋರೇ. ನಾಕನೇದ್ ಕೊಡ್ರಿ, ಆಕಿ ಮನ್ಯಾಗ ಜೀವಾ ತಿನ್ನಾಕತ್ತಾಳ” ಎಂದು ನಗುತ್ತ ಬಡಗಣ ಗೋಡೆಯ ಕಡೆ ನಡೆದಿರಿ. ಅಲ್ಲಿ ಹುಡುಗರು ತಲೆ ಬಗ್ಗಿಸಿ ಓದುತ್ತಿದ್ದರು. ನೀವು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಿರಿ — ಕಣ್ಣೇ ಸುಳ್ಳು ಹೇಳುತ್ತಿದೆಯೇನೋ ಎಂಬಂತೆ.

“ಗೆದ್ದಲ ಹತ್ತಿತ್ರಿ ಕಾಕಾ. ಎಲ್ಲಾ ತಿಂದು ಹಾಕ್ಯಾವ.”

ನೀವು ಕೇಳಿದಿರಿ: “ಪೂರಾ ತಿಂದಾವೇನ್ರಿ? ಅರ್ಧ ತಿಂದದ್ದಾದ್ರೂ ಕೊಡ್ರಿ. ಉಳಿದ ಹಾಳಿ ಓದಿ ಹೇಳ್ತೀನಿ, ನಡುವಿಂದು ಆಕಿನೇ ಜೋಡ್ಸಕೋತಾಳ.”

ಆಗಲೇ ಹೇಳಬಹುದಿತ್ತು. ಚೀಲಗಳು ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ, ಓಡಿ ಹೋಗಿ ಕೇಳಿದ್ದರೆ ಸಿಗುತ್ತಿದ್ದವೋ ಏನೋ. ನಾನು ಮಾತ್ರ, “ಸುಟ್ಟುಬಿಟ್ಟೀವ್ರಿ” ಎಂದೆ. ಒಂದು ಸುಳ್ಳಿಗೆ ಕಾವಲಾಗಿ ಇನ್ನೊಂದು ಸುಳ್ಳು. ನನ್ನ ಮುಖ ಸಪ್ಪಗಾದದ್ದನ್ನು ಕಂಡು ನೀವು ನನ್ನನ್ನೇ ಸಮಾಧಾನ ಮಾಡಿದಿರಿ, “ನೀ ಏನ್ ಮಾಡ್ತಿ ತಂಗಿ, ಹುಳದ ಕೆಲಸ” ಎಂದು. ಅಕ್ಕೋರೇ ಎನ್ನುತ್ತಿದ್ದವರು ಅವತ್ತು ಮೊದಲ ಸಲ ತಂಗಿ ಎಂದಿರಿ. ಮೂರನೇ ಭಾಗವನ್ನು ಮೇಜಿನ ಮೇಲಿಟ್ಟು ಹೊರಟಿರಿ.

ಮುಂದಿನ ಸಂತೆಗೆ ಬರುವಾಗ ಬಟ್ಟೆಯ ಚೀಲದ ತುಂಬ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ತಂದಿರಿ. ಉಳಿದ ಕಿತಾಬುಗಳಾದರೂ ಉಳಿಯಲಿ ಎಂದು ಒಂದೊಂದೇ ಕನ್ನಡ ಪುಸ್ತಕ ಬಿಚ್ಚಿ, ನಡುವೆ ಎಲೆ ಇಟ್ಟು, ಮತ್ತೆ ನೆಟ್ಟಗೆ ನಿಲ್ಲಿಸಿದಿರಿ. ನಿಮಗೆ ಓದಲು ಬಾರದ ಪುಸ್ತಕಗಳು! ನಾನು ಬೇಡವೆನ್ನಲಿಲ್ಲ — ಬೇಡವೆಂದರೆ ಯಾಕೆ ಎಂದು ಕೇಳುತ್ತೀರಿ. ಪ್ರತಿ ಸಂತೆಗೂ ನೀವು ಬರುವುದು, ಎಲೆ ಇಡುವುದು, ನಾನು ಕಂಪ್ಯೂಟರಿನಲ್ಲಿ ಮುಖ ಹುದುಗಿಸುವುದು. ಒಂದೊಂದು ದಿನ ನಿಮ್ಮ ಮೇಲೇ ಸಿಟ್ಟು ಬರುತ್ತಿತ್ತು, ಈ ಮುದುಕ ಇಷ್ಟು ಒಳ್ಳೆಯವನಾಗಿ ನನ್ನನ್ನು ಯಾಕೆ ಕಾಡುತ್ತಾನೆ ಎಂದು.

ಹೀಗೇ ಇರುವಾಗ ಮೇಲಿನ ಕಚೇರಿಯಿಂದ ಹೊಸ ಸಾಹೇಬರು ತಪಾಸಣೆಗೆ ಬಂದರು. ಆ ದಿನ ಸಂತೆ. ನೀವು ಬಾಗಿಲ ಪಕ್ಕದ ಕಪಾಟಿನ ಹತ್ತಿರ ಕೂತಿದ್ದಿರಿ, ಮಡಿಲಲ್ಲಿ ಎಲೆಯ ಚೀಲ. ಸಾಹೇಬರು ಒಂದು ಪುಸ್ತಕ ಬಿಚ್ಚಿದರು. ಒಣಗಿದ ಎಲೆಗಳು ಅವರ ಬೂಟಿನ ಮೇಲೆ ಉದುರಿದವು.

“ಏನ್ರೀ ಇದು, ಪುಸ್ತಕದೊಳಗೆ ಕಸ?”

ನಾನು ಬಾಯಿ ತೆರೆಯುವ ಮೊದಲೇ ನೀವು ಎದ್ದು ಕೈಮುಗಿದಿರಿ. “ಬೇವಿನ ತಪ್ಪಲ್ರಿ ಸಾಹೇಬ್ರ. ಇಲ್ಲಿ ಗೆದ್ದಲ ಹತ್ತಿ ಭಾಳ ಕಿತಾಬು ಹೋದ್ವು. ಅದಕ್ಕ ಇಡಾಕತ್ತೀನ್ರಿ.”

“ಗೆದ್ದಲೇ? ಯಾವ ಗೋಡೆಗೆ? ನಡೀರಿ, ನೋಡೋಣ.”

ಬಡಗಣ ಗೋಡೆ ಎಲ್ಲರ ಕಣ್ಣ ಮುಂದೆಯೇ ಇತ್ತು. ಗೆದ್ದಲಿನ ಒಂದು ಗೆರೆ ಮಣ್ಣೂ ಅದರ ಮೇಲೆ ಎಂದೂ ಏರಿರಲಿಲ್ಲ. ಸಾಹೇಬರು ನಾಲ್ಕು ಹೆಜ್ಜೆ ಹೋಗಿ ನೋಡಿ, ವಾಪಸು ಬಂದು ಗೆದ್ದಲೆಂದು ನಾನು ರುಜು ಹಾಕಿದ ಕಾಗದ ಕೇಳಿದರೆ ನನ್ನ ನೌಕರಿ ಅಲ್ಲಿಗೆ ಮುಗಿಯಿತು. ಆಗ ನಾನು ಆಡಿದ ಮಾತು — ಅದನ್ನು ನಿಮ್ಮ ಮುಂದೆ ಮತ್ತೆ ಆಡಬೇಕಾಗಿದೆ, ಆಡದೆ ಈ ಬರಹಕ್ಕೆ ಅರ್ಥವಿಲ್ಲ.

“ಗೆದ್ದಲು ಗಿದ್ದಲು ಏನೂ ಇಲ್ಲ ಸರ್. ಈ ಅಜ್ಜನಿಗೆ ಅರಳು ಮರಳು. ಏನೇನೋ ಹೇಳ್ತಿರ್ತಾರೆ.”

ಓದುತ್ತಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀವು ಸಾಹೇಬರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಿರಿ, ಆಪರೇಶನ್ ಆದ ಆ ಕಣ್ಣುಗಳಿಂದ. ಆಮೇಲೆ ಬಡಗಣ ಗೋಡೆ ನೋಡಿದಿರಿ. ಮತ್ತೆ ನನ್ನನ್ನು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ, ಗೆದ್ದಲೆಂದು ಈಕೆಯೇ ಅಂದದ್ದು ಎಂದು — ಒಂದೇ ಮಾತು ಸಾಕಿತ್ತು. ನೀವು ಬಗ್ಗಿ, ಸಾಹೇಬರ ಕಾಲ ಹತ್ತಿರ ಬಿದ್ದಿದ್ದ ಎಲೆಗಳನ್ನು ಆಯ್ದು ಚೀಲಕ್ಕೆ ಹಾಕಿಕೊಂಡಿರಿ. “ಹೌದ್ರಿ ಸಾಹೇಬ್ರ. ವಯಸ್ಸಾಗೇದ, ನೆನಪ ಇರಂಗಿಲ್ಲ” ಎಂದಿರಿ.

ನನ್ನ ನೌಕರಿ ಉಳಿಯಿತು. ನೀವು ಮತ್ತೆ ಬರಲಿಲ್ಲ.

ಆಮೇಲೆ ರದ್ದಿ ಅಂಗಡಿಗೆ ಹೋದೆ, ಅವೆಲ್ಲ ಯಾವಾಗಲೋ ಲಾರಿ ಹತ್ತಿ ಹೋಗಿದ್ದವು. ಮೂರನೇ ಭಾಗವನ್ನು ಕೈಚೀಲದಲ್ಲಿಟ್ಟುಕೊಂಡು ಹೈದರಾಬಾದಿನ ಹಳೆ ಪುಸ್ತಕದ ಬೀದಿಗಳಲ್ಲಿ ತಿರುಗಿದೆ. ನನಗೆ ಓದಲು ಬಾರದ್ದರಿಂದ ಪುಸ್ತಕವನ್ನೇ ತೋರಿಸಿ, ಇದರ ಮುಂದಿನದು ಬೇಕು ಎಂದು ಎಲ್ಲರನ್ನೂ ಕೇಳುತ್ತಿದ್ದೆ. ಹಲವು ಸಲ ಹೋದ ಮೇಲೆ ಒಬ್ಬರು ಗೋದಾಮಿನಿಂದ ಧೂಳು ಕೊಡವಿ ತಂದುಕೊಟ್ಟರು. ನಾಲ್ಕನೇ ಭಾಗ, ಕಾಕಾ. ಪೂರಾ ಇದೆ.

ಇದು ಹೋದ ವರ್ಷದ ಮಾತು. ಅಂದಿನಿಂದ ಅದು ನನ್ನ ಅಲಮಾರಿಯಲ್ಲಿ ಸೀರೆಗಳ ಕೆಳಗಿದೆ. ಕೊಟ್ಟರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೇಳದೆ ಯಾರ ಕೈಯಲ್ಲಾದರೂ ಕಳಿಸಿದರೆ, ಪಾಪ ಹುಡುಕಿ ಕಳಿಸಿದ್ದಾಳೆ ಎಂದು ನೀವು ನನ್ನನ್ನು ಹರಸುತ್ತೀರಿ — ಅದನ್ನು ತಡೆದುಕೊಳ್ಳಲು ನನ್ನಿಂದಾಗದು. ಹೀಗೆ ಯೋಚಿಸುತ್ತ ವರ್ಷ ಕಳೆದೆ. ಮೊದಲು ನಿಮ್ಮಿಂದ ಪುಸ್ತಕ ಕಸಿದುಕೊಂಡೆ, ಆಮೇಲೆ ಸಿಕ್ಕ ಪುಸ್ತಕವನ್ನೂ ಬಚ್ಚಿಟ್ಟುಕೊಂಡೆ.

ನಿಮ್ಮೂರ ಕಡೆಯ ಹುಡುಗಿಯೊಬ್ಬಳು ಪರೀಕ್ಷೆಗೆ ಓದಲು ಬರುತ್ತಾಳೆ. ಇವತ್ತು ಧೈರ್ಯ ಮಾಡಿ ನಿಮ್ಮನ್ನು ವಿಚಾರಿಸಿದೆ. “ಕಾಶಮ್ಮ ಆಯಿ ಹಾಸಿಗಿ ಹಿಡ್ದಾಳ್ರಿ ಮೇಡಂ. ಶರಣಪ್ಪ ಮುತ್ಯಾ ಬಾಜೂಕ ಕುಂತು ಅದೇನೋ ಕಥಿ ಹೇಳಾಕತ್ತಿರ್ತಾನ. ಆಯಿ ಮಾತ್ರ ಒಪ್ಪಂಗಿಲ್ಲ. ಇದು ಕಿತಾಬಿನಾಗಿಂದಲ್ಲ, ನೀ ಕಟ್ಟಿದ್ದು ಅಂತ ಜಗಳಾ ತಗೀತಾಳ” ಎಂದು ಅವಳು ನಕ್ಕಳು.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಇಷ್ಟು ಬರೆದ ಮೇಲೆ ಹೊಳೆಯಿತು — ಕನ್ನಡದಲ್ಲಿ ಬರೆದಿದ್ದೇನೆ. ನೀವು ಇದನ್ನು ಓದಲಾರಿರಿ. ನಿಮಗೆ ಓದಲು ಬಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಮಡಚಿಟ್ಟರೆ, ಅದೂ ಬಚ್ಚಿಡುವ ನನ್ನ ಹಳೆಯ ಚಾಳಿಯೇ ಆಯಿತು.

ಕಾಕು ಇನ್ನೆಷ್ಟು ದಿನವೋ, ಗೊತ್ತಿಲ್ಲ. ನಾಳೆ ಕೆಲಸಕ್ಕೆ ರಜೆ ಹಾಕಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ನಿಮ್ಮೂರ ಬಸ್ಸು ಹಿಡಿಯುತ್ತೇನೆ. ಪುಸ್ತಕವನ್ನು ನಿಮ್ಮ ಕೈಗೇ ಕೊಡುತ್ತೇನೆ. ಕೊಡುವ ಮುಂಚೆ ಈ ಹಾಳೆಗಳನ್ನು ಓದುತ್ತೇನೆ, ಅರಳು ಮರಳು ಎಂದ ಮಾತನ್ನೂ ಬಿಡದೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ಕಟ್ಟೆಯ ಮೇಲೆ ನಿಂತೇ ಓದುತ್ತೇನೆ — ಗಟ್ಟಿಯಾಗಿ, ಒಳಗೆ ಮಲಗಿರುವ ಕಾಶಮ್ಮ ಕಾಕುಗೂ ಕೇಳಿಸುವ ಹಾಗೆ.