ಹನ್ನೊಂದು ಗಂಟೆಯ ಅಪ್ಪ

ಹೊಸನಗರದ ವಸತಿ ಶಾಲೆಯೊಂದರಲ್ಲಿ ನಾನು ವಾರ್ಡನ್ ಆಗಿದ್ದಾಗ, ಆರನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಪ್ರತಿ ಭಾನುವಾರ ತುಮರಿಯಿಂದ ಬರುತ್ತಿದ್ದರು. ಆಗಿನ್ನೂ ಸೇತುವೆಯಾಗಿರಲಿಲ್ಲ. ಲಾಂಚಿನಲ್ಲಿ ಹಿನ್ನೀರು ದಾಟಿ, ಎರಡು ಬಸ್ಸು ಹತ್ತಿಳಿದು, ಹನ್ನೊಂದಕ್ಕೆ ಸರಿಯಾಗಿ ಗೇಟಿನಲ್ಲಿರುತ್ತಿದ್ದರು. ಚಪ್ಪಲಿ ಕಳಚಿಟ್ಟು ಕಲ್ಲುಬೆಂಚಿನ ತುದಿಗೆ ಕೂತು, ಮಗಳ ಕಡೆ ಕಿವಿ ವಾಲಿಸಿ, "ಹೂಂ, ಆಮೇಲೆ ಎಂತಾತು?" ಎನ್ನುತ್ತಿದ್ದರು. ಅವರದು ಅಷ್ಟೇ ಮಾತು. ವಾರವಿಡೀ ಊಟ ಬಿಟ್ಟು ಅಳುವ ಹುಡುಗಿ ಆ ಒಂದು ಗಂಟೆ ಬಿಡದೆ ಹರಟುತ್ತಿದ್ದಳು.

ಒಂದು ಭಾನುವಾರ ಗಾಳಿ ಜೋರಾಗಿ ಲಾಂಚು ನಿಂತಿದೆಯೆಂದು ಬಸ್ಸಿನವರಿಂದ ತಿಳಿಯಿತು. ಹೇಳಲು ಹೋದರೆ, ಹುಡುಗಿ ಬೆಂಚಿನಲ್ಲಿ ಒಬ್ಬಳೇ ಕೂತು ಮಾತಾಡುತ್ತಿದ್ದಳು. ನಡುನಡುವೆ ನಿಲ್ಲಿಸಿ, ಯಾರೋ ಕೇಳಿದ್ದಕ್ಕೆ ತಲೆಯಾಡಿಸಿ, ಮತ್ತೆ ಮುಂದುವರಿಸುತ್ತಿದ್ದಳು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಅಪ್ಪನ ಫೋನ್ ಬಂತು.

"ಲಾಂಚಿಲ್ಲ ಮೇಡಂ, ಇಲ್ಲೇ ದಡದಲ್ಲಿ ಕೂತಿದ್ದೆ. ಮಗಳಿಗೆ ಬೆಳಿಗ್ಗೆ ದವಡೆಹಲ್ಲು ಬಿತ್ತಂತಲ್ಲ, ಬಾಯಿ ಮುಕ್ಕಳಿಸೋಕೆ ಉಪ್ಪುನೀರು ಕೊಡಿ."

"ನಿಮ್ಗೆ ಯಾರು ಹೇಳಿದ್ರು?"

"ಅವಳೇ ಹೇಳಿದ್ಳು. ಹನ್ನೊಂದಕ್ಕೆ."

ಹಾಸ್ಟೆಲಿನ ಒಂದೇ ಫೋನು ಬೆಳಗಿನಿಂದ ನನ್ನ ಕೈಯಲ್ಲೇ ಇತ್ತು. ಹಲ್ಲು ಬಿದ್ದದ್ದು ನನಗೂ ಗೊತ್ತಿರಲಿಲ್ಲ.

ಅವಳನ್ನು ಕರೆದು ಬಾಯಿ ತೆರೆಸಿದೆ. ಒಸಡಿನಲ್ಲಿ ಇನ್ನೂ ರಕ್ತ ಜಿನುಗುತ್ತಿತ್ತು.

"ಅಪ್ಪ ಹೇಳಿದ್ರಾ?" ಎಂದು ನಕ್ಕಳು.

ಮುಂದೆ ಅಪ್ಪ ಬಂದರೂ ಬಾರದಿದ್ದರೂ ಅವಳು ಅತ್ತದ್ದನ್ನು ನಾನು ಕಾಣಲಿಲ್ಲ. ಆ ಮಧ್ಯಾಹ್ನವೇ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಳು. ಎದುರಿಗೆ ಕೂತಿದ್ದ ನಾನು ಉಪ್ಪುನೀರಿನ ಲೋಟ ಅವಳತ್ತ ಸರಿಸಿದೆ.