ಧಣಿಗಳು ನಕ್ಕಿರಲಿಲ್ಲ

ಬಸಪ್ಪ, ನಿನ್ನ ಕಂದೀಲನ್ನು ನೋಡಿ ಧಣಿಗಳು ನಕ್ಕಿರಲಿಲ್ಲ. ಅವರು ಅದನ್ನು ನೋಡಿಯೇ ಇರಲಿಲ್ಲ. ನಕ್ಕರೆಂದು ನಾನು ನಿನಗೆ ಸುಳ್ಳು ಹೇಳಿದೆ.

ಧಣಿಗಳು ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಪುಣೆಯ ಆ ಕಂದೀಲಿನ ಕಾರಖಾನೆಯಲ್ಲಿ ನಾನಿನ್ನೂ ಗುಮಾಸ್ತನೇ. ತಗಡು ಬಡಿಯುವ ಸದ್ದು ನಿಂತಾಗಲೆಲ್ಲ ಯಾರೋ ನನ್ನನ್ನು ಏನೋ ಕೇಳುತ್ತಿದ್ದಾರೆ ಅನಿಸುತ್ತದೆ.

ಪ್ರತಿ ಶನಿವಾರ ಮಧ್ಯಾಹ್ನದ ರೂಢಿ ನಿನಗೆ ನೆನಪಿರಬೇಕು. ಹೊಸದೇನೋ ಮಾಡಲು ಹೋಗಿ ತಗಡು ಕೆಡಿಸಿದವನು ಧಣಿಗಳ ಗಾದಿಯ ಮೇಲೆ ಕೂಡಬೇಕು. ಧಣಿಗಳು ಕೆಳಗೆ, ಚಾಪೆಯ ಮೇಲೆ. “ಕೆಟ್ಟಿದ್ದು ನನಗ ತೋರಸ್ರಪಾ, ಚಲೋದು ಗಿರಾಕಿಗೆ ತೋರಸೂಣು” ಎನ್ನುತ್ತಿದ್ದರು. “ಬಸಪ್ಪಂದು ಮತ್ತ ಪಟ್ಟಾಭಿಷೇಕ ನೋಡ್ರಿ!” ಎಂದು ಉಳಿದವರು ಚಾಷ್ಟಿ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಹನ್ನೊಂದು ವರ್ಷ ಆ ಗಾದಿಯ ಪಕ್ಕದಲ್ಲೇ ಕೂತು ಲೆಕ್ಕ ಬರೆದೆ, ಅದರ ಮೇಲೆ ಒಮ್ಮೆಯೂ— ಇರಲಿ. ಅದು ಕಾರಣವಾಗಲಾರದು.

ಘಟ್ಟದ ಗಾಳಿಗೂ ಆರದಂಥ ಕಂದೀಲು ಮಾಡಿದ್ದೆ ನೀನು. ತಂಗಿಯ ಮದುವೆಗೆ ಊರಿಗೆ ಹೊರಟಾಗ ಅದನ್ನು ನನ್ನ ಕೈಗಿಟ್ಟೆ. “ಗುಮಾಸ್ತರ, ಶನಿವಾರ ನನ್ನ ಬದಲಿ ನೀವ ತೋರಸ್ರಿ. ಇನ್ನೂ ಸ್ವಲ್ಪ ಹೊಗಿ ಬರತೈತಿ, ಅದನ್ನೂ ಹೇಳ್ರಿ.”

ನಾನು ತೋರಿಸಲಿಲ್ಲ. ಹಳೆಯ ಡಬ್ಬಿಗಳ ಹಿಂದೆ ಇಟ್ಟೆ. ನೀನು ಬಂದು ಕೇಳಿದಾಗ ಬಾಯಿಂದ ಹೊರಟಿತು—“ಧಣ್ಯಾರು ನೋಡಿ ನಕ್ಕರಪಾ.”

“ನಕ್ಕರೇನ್ರಿ?”

ಅಷ್ಟೇ ಅಂದೆ ನೀನು. ಸುಳ್ಳೆಂದು ನಾನು ಹೇಳಿಬಿಡಬಹುದಿತ್ತು, ಆ ಕ್ಷಣದಲ್ಲೇ— ಹೇಳಲಿಲ್ಲ.

ಅಂದಿನಿಂದ ನೀನು, ಹೇಳಿದಷ್ಟೇ ಕೆಲಸ ಮಾಡಿದೆ; ಹೊಸದೇನನ್ನೂ ಮುಟ್ಟಲಿಲ್ಲ. ಎರಡು ತಿಂಗಳ ನಂತರ ಕೆಲಸ ಬಿಟ್ಟು ಸೊಲ್ಲಾಪುರಕ್ಕೆ ಹೋದೆ. ಧಣಿಗಳು ನಕ್ಕರೆಂಬ ಮಾತು ಉಳಿದವರಿಗೂ ಮುಟ್ಟಿತ್ತು; ಯಾರೂ ಏನನ್ನೂ ತೋರಿಸಲು ತರಲಿಲ್ಲ. ಧಣಿಗಳು ಎಷ್ಟೋ ಶನಿವಾರ ಚಾಪೆಯ ಮೇಲೆ ಒಬ್ಬರೇ ಕೂತು ಕಾದರು. “ಹುಡುಗೂರು ನನಗ ಅಂಜಾಕ ಹತ್ಯಾರ, ಯಾಕೋ ತಿಳೀವಲ್ದು” ಎಂದರು. ನಿನ್ನ ಕಂದೀಲನ್ನು ನಾನು ತಗಡಿನ ಚೂರುಗಳ ಜೊತೆ ಗುಜರಿಗೆ ಹಾಕಿದ್ದೆ.

ಕೊನೆಯ ವಾರ ಅವರು ನನ್ನ ಕೈ ಹಿಡಿದು ಕೇಳಿದರು: “ಖರೇ ಹೇಳೋ, ಬಸಪ್ಪಗ ನಾ ಏನ ಅಂದಿದ್ದೆ?”

ಏನೂ ಅಂದಿರಲಿಲ್ಲ—ಇಷ್ಟೇ ಹೇಳಬೇಕಿತ್ತು. “ಈಗ ಅದ್ಯಾಕ್ರಿ, ಮಲಕೋರಿ” ಎಂದೆ. ಅವರು ಗೋಡೆಯ ಕಡೆ ಹೊರಳಿದರು.

ಕ್ಷಮೆ ಬೇಡಲು ಇದನ್ನು ಬರೆಯುತ್ತಿಲ್ಲ. ಇಷ್ಟು ವರ್ಷ ನೀನು ಅವರನ್ನು ಬೈದಿದ್ದರೆ ಆ ಬೈಗುಳಗಳೆಲ್ಲ ನನ್ನವು, ಬಸಪ್ಪ. ಅವರ ಮೇಲಿಂದ ತೆಗೆದುಬಿಡು.